ದೀರ್ಘಕಾಲದ ನೋವಿನ ನಡುವೆಯೂ ಮನಸ್ಸನ್ನು ತಿಳಿಯಾಗಿ ಇಟ್ಟುಕೊಳ್ಳುವುದು: ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಇಳಿಜಾರಿನ ತೋಟದಲ್ಲಿ ವರ್ಷಗಟ್ಟಲೆ ಕಾಫಿ ಕೊಯ್ದವರ ಸೊಂಟ, ಏಣಿಯ ಮೇಲೆ ನಿಂತು ಕಾಳುಮೆಣಸು ಬಿಡಿಸಿದವರ ಭುಜ, ಸೇನೆಯಿಂದ ನಿವೃತ್ತರಾಗಿ ಊರಿಗೆ ಮರಳಿದವರ ಮಂಡಿ, ಸಕ್ಕರೆ ಕಾಯಿಲೆ ಇರುವವರ ಉರಿಯುವ ಅಂಗಾಲು: ಇವೆಲ್ಲ ಬೇರೆ ಬೇರೆ ನೋವುಗಳಾದರೂ ಇವುಗಳ ಜೊತೆಗೆ ಕೇಳಿಬರುವ ದೂರು ಹೆಚ್ಚಾಗಿ ಒಂದೇ. ಮಾತ್ರೆ ನುಂಗಿದರೆ ತಲೆ ಮಂಕಾಗುತ್ತದೆ, ಲೆಕ್ಕ ತಪ್ಪುತ್ತದೆ, ಹಗಲೆಲ್ಲ ತೂಕಡಿಕೆ ಬರುತ್ತದೆ. ಬಿಟ್ಟರೆ ನೋವು ತಡೆಯಲಾಗುವುದಿಲ್ಲ. ನೋವು ಇಲ್ಲವೇ ಮಂಕು, ಎರಡರಲ್ಲಿ ಒಂದನ್ನು ಒಪ್ಪಿಕೊಂಡೇ ಬಾಳಬೇಕು ಎಂದು ಅನೇಕರು ನಂಬಿಬಿಟ್ಟಿದ್ದಾರೆ. ಆ ನಂಬಿಕೆಯನ್ನು ಬಿಡಬಹುದು ಎಂದು ನಾನು ದೃಢವಾಗಿ ಹೇಳುತ್ತೇನೆ. ನೋವಿನಷ್ಟೇ ಗಂಭೀರವಾಗಿ ಮಂಕನ್ನೂ ಅಳೆದು, ಬರೆದು, ವೈದ್ಯರ ಮುಂದಿಟ್ಟರೆ ಎರಡನ್ನೂ ಒಟ್ಟಿಗೆ ತಗ್ಗಿಸುವ ದಾರಿ ಬಹಳ ಸಲ ಸಿಗುತ್ತದೆ.

ಕ್ಯಾನ್ಸರ್‌ನ ನೋವು ಈ ಬರಹದ ವ್ಯಾಪ್ತಿಗೆ ಸೇರಿದ್ದಲ್ಲ. ಅಲ್ಲಿ ಮಾರ್ಫಿನ್‌ನಂತಹ ಔಷಧಿಗಳು ಅತ್ಯಗತ್ಯವಾಗಬಹುದು. ಮಾತ್ರೆಗಳನ್ನು ತಗ್ಗಿಸುವ ಬಗ್ಗೆ ಮುಂದೆ ಹೇಳುವ ಮಾತುಗಳನ್ನು ಆ ರೋಗಿಗಳಿಗೆ ಯಾರೂ ಅನ್ವಯಿಸಬಾರದು.

ನೋವು ಏಕೆ ಉಳಿದುಕೊಳ್ಳುತ್ತದೆ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎಂದು ಕರೆಯುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ ನೋವು ಎಂಬುದು ದೇಹದ ಸಂವೇದನೆಯೂ ಹೌದು, ಭಾವನೆಯ ಅನುಭವವೂ ಹೌದು. ದೇಹಕ್ಕೆ ಪೆಟ್ಟಾಗಿದ್ದಾಗ ಬರುವಂತೆಯೇ ಪೆಟ್ಟಿಲ್ಲದಿದ್ದಾಗಲೂ ಅದು ಬರಬಲ್ಲದು. ಗಾಯ ಮಾಗಿದ ಮೇಲೂ ಬೆನ್ನುಹುರಿ ಮತ್ತು ಮೆದುಳಿನ ನರಜಾಲ ಅತಿಸೂಕ್ಷ್ಮವಾಗಿಯೇ ಉಳಿದುಬಿಡುವುದುಂಟು. ಕಳ್ಳ ಓಡಿಹೋದ ಎಷ್ಟೋ ಹೊತ್ತಿನ ಮೇಲೂ ಎಲೆ ಅಲುಗಿದರೆ ಬೊಗಳುವ ತೋಟದ ನಾಯಿಯ ಹಾಗೆ. ಹಾಗೆಂದ ಮಾತ್ರಕ್ಕೆ ಆ ನೋವು ಸುಳ್ಳಲ್ಲ, ಕಲ್ಪನೆಯೂ ಅಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಿಸಲಿಲ್ಲ ಎಂದು ಮನೆಯವರು ರೋಗಿಯನ್ನು ಅನುಮಾನಿಸುವುದು ಅನ್ಯಾಯ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ 11ನೆಯ ವರ್ಗೀಕರಣದಲ್ಲಿ ದೀರ್ಘಕಾಲದ ನೋವಿಗೆ ಅದರದೇ ಆದ ಸ್ಥಾನ ದೊರೆತಿದೆ.

ಮೊದಲ ಹೆಜ್ಜೆ: ಅಪಾಯದ ಸೂಚನೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳುವುದು

ಸೊಂಟನೋವಿನ ಜೊತೆಗೆ ಮೂತ್ರ ಕಟ್ಟುವುದು, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು, ಕಾಲುಗಳ ಬಲ ಕುಂದುವುದು ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಅದು ತುರ್ತು ಸ್ಥಿತಿ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ತಗ್ಗದೆ ರಾತ್ರಿ ಹೆಚ್ಚುವ ನೋವು, ಹಿಂದೆ ಕ್ಯಾನ್ಸರ್ ಬಂದಿದ್ದ ಇತಿಹಾಸ, ಬಿದ್ದ ನಂತರ ಶುರುವಾದ ನೋವು ಇವುಗಳಿಗೂ ಬೇಗನೆ ತಪಾಸಣೆ ಬೇಕು. ನೋವು ಹಳೆಯದೇ ಆಗಿದ್ದರೂ ಅದರ ಸ್ವರೂಪ ಬದಲಾದರೆ ಅದನ್ನು ಹೊಸ ನೋವೆಂದೇ ಎಣಿಸಬೇಕು.

ಎರಡನೆಯ ಹೆಜ್ಜೆ: ಎರಡು ಅಂಕಗಳ ನೋಟ್ ಪುಸ್ತಕ

ತೋಟದ ಲೆಕ್ಕ ಬರೆಯುವಂತಹದೇ ಒಂದು ಸಣ್ಣ ಪುಸ್ತಕ ಸಾಕು. ವೈದ್ಯರು ಬಳಸುವ ಒಂದು ಸರಳ ಅಳತೆಯಲ್ಲಿ ಮೂರು ಪ್ರಶ್ನೆಗಳಿವೆ: ಕಳೆದ ವಾರ ನೋವು ಸರಾಸರಿ ಎಷ್ಟಿತ್ತು, ಅದು ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡಿಯಾಯಿತು, ದಿನದ ಕೆಲಸಗಳಿಗೆ ಎಷ್ಟು ಅಡ್ಡಿಯಾಯಿತು. ಮೂರಕ್ಕೂ 0ರಿಂದ 10ರ ನಡುವೆ ಅಂಕ ಕೊಡಬೇಕು. ಇವನ್ನು ವಾರಕ್ಕೊಮ್ಮೆ ಬರೆದರೆ ಸಾಕು. ಪ್ರತಿದಿನ ಬರೆಯಬೇಕಾದವು ಎರಡೇ ಅಂಕ: ನೋವಿಗೊಂದು, ಮನಸ್ಸಿನ ತಿಳಿತನಕ್ಕೊಂದು. ಅವನ್ನು ಬೆಳಗಿನ ತಿಂಡಿಯ ಹೊತ್ತು, ಮಧ್ಯಾಹ್ನ ಮತ್ತು ರಾತ್ರಿ ಗುರುತು ಹಾಕಿ, ಪಕ್ಕದಲ್ಲಿ ಮಾತ್ರೆ ತೆಗೆದುಕೊಂಡ ಸಮಯ, ಹಿಂದಿನ ರಾತ್ರಿಯ ನಿದ್ರೆ, ಕುಡಿದ ಕಾಫಿ ಮತ್ತು ಮದ್ಯ ಇಷ್ಟನ್ನು ಬರೆಯಬೇಕು. ಗಂಟೆಗೊಮ್ಮೆ ನೋವನ್ನು ಅಳೆಯುತ್ತ ಕುಳಿತರೆ ಗಮನವೆಲ್ಲ ನೋವಿನ ಮೇಲೇ ನೆಟ್ಟುಬಿಡುತ್ತದೆ. ಆದ್ದರಿಂದ ಮೂರು ಹೊತ್ತಿಗಿಂತ ಹೆಚ್ಚು ಬೇಡ.

ಎರಡು ವಾರಗಳ ಬರಹ ಕೈಗೆ ಬಂದಾಗ ಮಂಕಿನ ಮೂಲ ಕಾಣತೊಡಗುತ್ತದೆ. ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ ಮಂಕು ಏರಿ ಆಮೇಲೆ ಇಳಿಯುತ್ತಿದ್ದರೆ ಔಷಧಿಯನ್ನು ಶಂಕಿಸಬೇಕು. ನಿದ್ರೆ ಕೆಟ್ಟ ಮರುದಿನವಷ್ಟೇ ಬರುತ್ತಿದ್ದರೆ ನಿದ್ರೆಯನ್ನು ಸರಿಪಡಿಸಬೇಕು. ನೋವಿನ ಅಂಕದ ಜೊತೆಜೊತೆಗೇ ಏರಿಳಿಯುತ್ತಿದ್ದರೆ ನೋವೇ ಗಮನವನ್ನು ಕಬಳಿಸುತ್ತಿದೆ ಎಂದು ತಿಳಿಯಬಹುದು. ಈ ಯಾವುದಕ್ಕೂ ಹೊಂದದೆ ದಿನವಿಡೀ ಒಂದೇ ಸಮನೆ ಮಂಕಿದ್ದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ವಿಟಮಿನ್ ಬಿ12 ಕೊರತೆ, ಹತೋಟಿ ತಪ್ಪಿದ ಸಕ್ಕರೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರಾತೊಂದರೆ, ಖಿನ್ನತೆ ಇವುಗಳ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವ ಸಂಭವವಿದೆ, ಮತ್ತು ಆ ಕೊರತೆಯೇ ಅಂಗಾಲಿನ ಜೋಮು, ಮರೆವು ಎರಡಕ್ಕೂ ಕಾರಣವಾಗಬಲ್ಲದು. ಎಲ್ಲವನ್ನೂ ನೋವಿನ ಮಾತ್ರೆಯ ತಲೆಗೆ ಕಟ್ಟುವ ಮುನ್ನ ಇಷ್ಟು ನೋಡಿಸುವುದು ನ್ಯಾಯ.

ಮೂರನೆಯ ಹೆಜ್ಜೆ: ಮಾತ್ರೆಗಳ ಪರಿಶೀಲನೆ

ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ, ಅಂದರೆ ಮೆಡಿಕಲ್ ಸ್ಟೋರಿನಿಂದ ತಂದವು, ಪಕ್ಕದ ಮನೆಯವರು ಕೊಟ್ಟವು, ನಾಟಿ ಪುಡಿ, ಎಣ್ಣೆ ಎಲ್ಲವನ್ನೂ ಮೇಜಿನ ಮೇಲೆ ಸುರಿದು ಹೆಸರುಗಳನ್ನು ಪಟ್ಟಿ ಮಾಡುವುದರಿಂದ ಈ ಹೆಜ್ಜೆ ಆರಂಭವಾಗುತ್ತದೆ. ವೈದ್ಯರಿಗೆ ಪೂರ್ತಿ ಪಟ್ಟಿ ಸಿಕ್ಕ ದಿನವೇ ಅರ್ಧ ತೊಡಕು ಬಿಡುವುದುಂಟು.

ಮೊದಲು ಪ್ಯಾರಸಿಟಮಾಲ್ ಲೆಕ್ಕ ಹಾಕಬೇಕು. ಆರೋಗ್ಯವಂತ ವಯಸ್ಕರಿಗೆ ಅದರ ಗರಿಷ್ಠ ಮಿತಿ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಂನ 8 ಮಾತ್ರೆ ಅಥವಾ 650 ಮಿಲಿಗ್ರಾಂನ 6 ಮಾತ್ರೆ. ಯಕೃತ್ತಿನ ತೊಂದರೆ ಇರುವವರು, ನಿತ್ಯ ಮದ್ಯ ಸೇವಿಸುವವರು, ತೀರಾ ತೆಳ್ಳಗಿರುವವರು ಇದಕ್ಕಿಂತ ಕಡಿಮೆ ತೆಗೆದುಕೊಳ್ಳಬೇಕು. ಎಷ್ಟೆಂದು ವೈದ್ಯರು ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಅನೇಕ ನೋವಿನ ಮಾತ್ರೆಗಳು, ಶೀತದ ಮಾತ್ರೆಗಳು ಎರಡು ಮೂರು ಔಷಧಿಗಳ ಮಿಶ್ರಣವಾಗಿದ್ದು ಅವುಗಳಲ್ಲೂ ಪ್ಯಾರಸಿಟಮಾಲ್ ಇರುವುದರಿಂದ, ಗೊತ್ತಿಲ್ಲದೆಯೇ ಮಿತಿ ದಾಟುವುದು ಸುಲಭ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಸಾಮಾನ್ಯವಾಗಿ ಮಂಕು ತರುವುದಿಲ್ಲ. ಅವುಗಳ ಅಪಾಯ ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡ ಮತ್ತು ಹೃದಯಕ್ಕೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ಬಿಸಿಲಿನಲ್ಲಿ ನೀರು ಕುಡಿಯದೆ ಕೆಲಸ ಮಾಡುವವರು ಇವನ್ನು ತಾವಾಗಿಯೇ ಕೊಂಡು ದಿನವೂ ನುಂಗಬಾರದು. ಮಂಡಿನೋವಿಗೆ ಡೈಕ್ಲೋಫೆನಾಕ್ ಮುಲಾಮು ಉತ್ತಮ ಆಯ್ಕೆ. ಅದು ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ.

ಮಂಕು ತರುವವು ಬೇರೆ ಗುಂಪಿನವು. ನರನೋವಿಗೆ ಕೊಡುವ ಗಬಾಪೆಂಟಿನ್, ಪ್ರಿಗಾಬಲಿನ್, ಅಮಿಟ್ರಿಪ್ಟಿಲಿನ್, ಸ್ನಾಯು ಸಡಿಲಿಸುವ ಟಿಜಾನಿಡಿನ್, ಕ್ಲೋರ್ಜಾಕ್ಸಜೋನ್, ಟ್ರಮಡಾಲ್‌ನಂತಹ ಅಫೀಮು ವರ್ಗದ ಔಷಧಿಗಳು, ನಿದ್ರೆ ಮಾತ್ರೆಗಳು, ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್ ಇವುಗಳಲ್ಲಿ ಎರಡು ಒಟ್ಟಿಗೆ ಸೇರಿದರೂ ವಯಸ್ಸಾದವರ ತಲೆ ತೂಗಾಡಬಹುದು, ಬಿದ್ದು ಸೊಂಟದ ಮೂಳೆ ಮುರಿಯಬಹುದು. ಇವು ಕೆಟ್ಟ ಔಷಧಿಗಳೆಂದು ಇದರ ಅರ್ಥವಲ್ಲ. ಉರಿಯುವ ನರನೋವಿಗೆ ಪ್ರಿಗಾಬಲಿನ್ ನಿಜವಾದ ಪರಿಹಾರ ಕೊಡಬಲ್ಲದು. ಆದರೆ ಪ್ರಮಾಣ ತಗ್ಗಿಸುವುದು, ರಾತ್ರಿಯ ಪಾಲನ್ನು ಹೆಚ್ಚಿಸಿ ಹಗಲಿನ ಪಾಲನ್ನು ಇಳಿಸುವುದು, ಅಮಿಟ್ರಿಪ್ಟಿಲಿನನ್ನು ಮಲಗುವ ಒಂದೆರಡು ಗಂಟೆ ಮೊದಲೇ ನುಂಗುವುದು, ಮಂಕು ಕಡಿಮೆ ತರುವ ಬೇರೊಂದು ಔಷಧಿಗೆ ಬದಲಾಯಿಸುವುದು ಇಂತಹ ಸಣ್ಣ ಹೊಂದಾಣಿಕೆಗಳನ್ನು ವೈದ್ಯರೊಂದಿಗೆ ಚರ್ಚಿಸಬಹುದು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪ್ರಿಗಾಬಲಿನ್, ಟ್ರಮಡಾಲ್, ಖಿನ್ನತೆಗೂ ನರನೋವಿಗೂ ಕೊಡುವ ಡ್ಯುಲೊಕ್ಸೆಟಿನ್, ನಿದ್ರೆ ಮಾತ್ರೆ ಇವುಗಳಲ್ಲಿ ಯಾವುದನ್ನೂ ಬಹುದಿನ ತೆಗೆದುಕೊಂಡ ಮೇಲೆ ಸ್ವಂತ ನಿರ್ಧಾರದಿಂದ ಥಟ್ಟನೆ ನಿಲ್ಲಿಸಬಾರದು.

ಅಫೀಮು ವರ್ಗದ ಮಾತ್ರೆ ಹೆಚ್ಚು ಬಲವಾದದ್ದು, ಆದ್ದರಿಂದ ಹಳೆಯ ಬೆನ್ನುನೋವಿಗೆ ಅದೇ ಸರಿ ಎಂಬ ಭಾವನೆ ವ್ಯಾಪಕವಾಗಿದೆ. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದೀರ್ಘಕಾಲದ ಬೆನ್ನುನೋವು ಅಥವಾ ಮಂಡಿ, ಸೊಂಟದ ಕೀಲುನೋವು ಇದ್ದ 240 ಮಂದಿಯನ್ನು ಎರಡು ಗುಂಪು ಮಾಡಿ 12 ತಿಂಗಳು ಗಮನಿಸಲಾಯಿತು. ಕೆಲಸ ಮಾಡುವ ಸಾಮರ್ಥ್ಯದಲ್ಲಿ ಅಫೀಮು ವರ್ಗದ ಔಷಧಿ ಪಡೆದವರು ಮುಂದಿರಲಿಲ್ಲ. ನೋವಿನ ತೀವ್ರತೆ ಇತರ ಔಷಧಿ ಪಡೆದವರಲ್ಲೇ ತುಸು ಕಡಿಮೆಯಾಗಿತ್ತು, ಅಡ್ಡಪರಿಣಾಮಗಳೂ ಅವರಲ್ಲಿ ಕಡಿಮೆ. ನಿವೃತ್ತ ಸೈನಿಕರು ಮನೆಮನೆಯಲ್ಲೂ ಎಂಬಂತಿರುವ ನಮ್ಮ ಜಿಲ್ಲೆಯಲ್ಲಿ ಈ ವಿಷಯ ಎಲ್ಲರಿಗೂ ತಿಳಿದಿರಬೇಕು. ಭಾರತದಲ್ಲಿ ಟ್ರಮಡಾಲ್ 2018ರಿಂದ ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ; ಚೀಟಿಯಿಲ್ಲದೆ ಅದನ್ನು ಕೇಳುವುದಾಗಲಿ, ಇನ್ನೊಬ್ಬರಿಗೆ ಹಂಚುವುದಾಗಲಿ ಕೂಡದು.

ಮದ್ಯದ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಹಬ್ಬದಲ್ಲಿ, ಮದುವೆ ಮನೆಯಲ್ಲಿ ಗ್ಲಾಸು ಹಿಡಿಯುವುದು ಇಲ್ಲಿ ಅನೇಕ ಕುಟುಂಬಗಳ ನಡವಳಿಕೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಪ್ರಿಗಾಬಲಿನ್, ಟ್ರಮಡಾಲ್ ಅಥವಾ ನಿದ್ರೆ ಮಾತ್ರೆಯ ಮೇಲೆ ಮದ್ಯ ಬಿದ್ದರೆ ಉಸಿರಾಟವೇ ಕುಗ್ಗಿ ಪ್ರಾಣಕ್ಕೆ ಅಪಾಯವಾಗಬಹುದು. ನೋವು ಮರೆಯಲೆಂದು ರಾತ್ರಿ ಕುಡಿದರೆ ನಿದ್ರೆ ಬೇಗ ಹತ್ತುತ್ತದೆ, ನಡುರಾತ್ರಿಯ ನಂತರ ಒಡೆಯುತ್ತದೆ, ಮರುದಿನದ ಮಂಕು ಇಮ್ಮಡಿಯಾಗುತ್ತದೆ. ನಾಟಿ ಪುಡಿಗಳ ವಿಷಯದಲ್ಲೂ ಎಚ್ಚರ ಬೇಕು: ಹೆಸರು, ಪದಾರ್ಥಗಳ ವಿವರ ಯಾವುದೂ ಇಲ್ಲದ ಪೊಟ್ಟಣದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯಿದೆ, ಮತ್ತು ಬಹುದಿನ ತಿಂದ ಸ್ಟೀರಾಯ್ಡನ್ನು ದಿಢೀರನೆ ನಿಲ್ಲಿಸುವುದೂ ಅಪಾಯವೇ ಆದ್ದರಿಂದ ಅದನ್ನು ವೈದ್ಯರಿಗೆ ತೋರಿಸಿಯೇ ಮುಂದುವರಿಯಬೇಕು. ಕೊಡವರ ಕಕ್ಕಡ ತಿಂಗಳ 18ನೆಯ ದಿನದ ಮದ್ದು ಸೊಪ್ಪಿನ ಪಾಯಸವನ್ನು ಸಂತೋಷದಿಂದ ಉಣ್ಣಬಹುದು. ಅದಕ್ಕಾಗಿ ನಿತ್ಯದ ಮಾತ್ರೆಯನ್ನು ಬಿಡಬೇಕಾಗಿಲ್ಲ.

ಹೊಸ ಮಾತ್ರೆ ಶುರುವಾದ ಅಥವಾ ಪ್ರಮಾಣ ಏರಿದ ಮೊದಲ ದಿನಗಳಲ್ಲಿ ಸಂಪಾಜೆ ಅಥವಾ ಮಾಕುಟ್ಟದ ಘಾಟಿಯಲ್ಲಿ ವಾಹನ ಓಡಿಸಬಾರದು, ಮರಗಸಿಗೆ, ಅಂದರೆ ನೆರಳುಮರದ ಕೊಂಬೆ ಕಡಿಯಲು, ಮರ ಹತ್ತಬಾರದು, ಮೆಣಸಿನ ಏಣಿ ಏರಬಾರದು, ಕಳೆ ಕೊಚ್ಚುವ ಯಂತ್ರ ಹಿಡಿಯಬಾರದು. ತನಗೆ ಎಚ್ಚರವಿದೆ ಎಂದು ರೋಗಿಗೆ ಅನಿಸಿದರೂ ಕೈಕಾಲುಗಳ ಚುರುಕು ತಗ್ಗಿರಬಹುದು.

ನಾಲ್ಕನೆಯ ಹೆಜ್ಜೆ: ಕೆಲಸವನ್ನು ಗಡಿಯಾರಕ್ಕೆ ಕಟ್ಟುವುದು

ಇದು ಎಲ್ಲಕ್ಕಿಂತ ಕಷ್ಟದ ಮತ್ತು ಎಲ್ಲಕ್ಕಿಂತ ಫಲಕೊಡುವ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ. ನೋವು ಕಡಿಮೆಯಿದ್ದ ದಿನ ಬಾಕಿಯೆಲ್ಲ ಮುಗಿಸಿಬಿಡೋಣವೆಂದು ಸಂಜೆಯವರೆಗೆ ದುಡಿಯುವುದು, ಆಮೇಲೆ ಮೂರು ದಿನ ಹಾಸಿಗೆ ಹಿಡಿಯುವುದು, ಚೇತರಿಸಿಕೊಂಡು ಮತ್ತೆ ಅದನ್ನೇ ಮಾಡುವುದು: ಈ ಚಕ್ರದಲ್ಲಿ ದೇಹದ ಶಕ್ತಿ ತಿಂಗಳು ತಿಂಗಳಿಗೂ ಇಳಿಯುತ್ತದೆ, ನೋವಿನ ಭಯ ಏರುತ್ತದೆ, ಆ ಭಯದಲ್ಲೇ ಮನಸ್ಸು ಕಲಕಿಹೋಗುತ್ತದೆ. ಇದನ್ನು ಮುರಿಯಲು ನೋವು ಹೇಳಿದಾಗ ನಿಲ್ಲಿಸುವ ಬದಲು ಗಡಿಯಾರ ಹೇಳಿದಾಗ ನಿಲ್ಲಿಸಬೇಕು.

ಕ್ರಮ ಹೀಗಿದೆ. ಒಂದು ಕೆಲಸವನ್ನು, ಉದಾಹರಣೆಗೆ ಬಾಗಿ ಕಾಫಿ ಕೊಯ್ಯುವುದನ್ನು, ನೋವು ಹೆಚ್ಚದಂತೆ ಎಷ್ಟು ಹೊತ್ತು ಮಾಡಬಹುದೆಂದು ಮೂರು ದಿನ ನೋಡಿ ಸರಾಸರಿ ತೆಗೆಯಬೇಕು. ಅದು 40 ನಿಮಿಷವೆಂದಾದರೆ 30 ನಿಮಿಷದಿಂದ ಆರಂಭಿಸಬೇಕು. 30 ನಿಮಿಷವಾದ ಕೂಡಲೇ, ನೋವಿಲ್ಲದಿದ್ದರೂ, 10 ನಿಮಿಷ ಭಂಗಿ ಬದಲಾಯಿಸುವ ಬೇರೆ ಕೆಲಸಕ್ಕೆ ಹೋಗಬೇಕು: ಕಣದಲ್ಲಿ ಹರಡಿದ ಕಾಫಿಯನ್ನು ಕೈಯಾಡಿಸುವುದು, ನೆಟ್ಟಗೆ ನಡೆದಾಡುವುದು, ಒರಗಿ ಕೂರುವುದು. ಒಳ್ಳೆಯ ದಿನವೂ 30 ನಿಮಿಷವೇ, ಕೆಟ್ಟ ದಿನವೂ ಆದಷ್ಟು ಅಷ್ಟೇ. ಒಂದು ವಾರ ಇದು ಸಲೀಸಾಗಿ ನಡೆದರೆ ಮೂರು ನಾಲ್ಕು ನಿಮಿಷ ಸೇರಿಸಬಹುದು. ಒಳ್ಳೆಯ ದಿನ ನಿಲ್ಲಿಸುವುದೇ ಇಲ್ಲಿರುವ ನಿಜವಾದ ಸಾಧನೆ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರೆ ಅದು ಸುಲಭವಾಗುತ್ತದೆ.

ಕಿಲೋ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ, ತೋಟದ ಲೈನ್ ಮನೆಯಲ್ಲಿದ್ದುಕೊಂಡು ಮೇಲ್ವಿಚಾರಕ ರೈಟರ್ ಹೇಳಿದ ಕೆಲಸ ಮಾಡಬೇಕಾದವರಿಗೆ ಈ ಸ್ವಾತಂತ್ರ್ಯವಿಲ್ಲ ಎಂಬುದು ಸತ್ಯ. ಆದ್ದರಿಂದ ಈ ಮಾತು ತೋಟದ ಮಾಲೀಕರಿಗೂ ಸಲ್ಲುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕೊಯ್ಲಿನಲ್ಲಿ ನೋವಿರುವ ಕೆಲಸಗಾರರಿಗೆ ಕೊಯ್ಯುವುದು, ಕಾಯಿ ಹೆಕ್ಕುವುದು, ಕಣದ ಕೆಲಸ ಇವನ್ನು ಸರದಿಯಲ್ಲಿ ಕೊಡಬೇಕು. ತುಂಬಿದ ಚೀಲವನ್ನು ಒಬ್ಬರ ಬೆನ್ನಿಗೇ ಹೊರಿಸಬಾರದು. ಅನುಭವಿ ಕೈಗಳು ಹಾಸಿಗೆ ಹಿಡಿದರೆ ನಷ್ಟ ತೋಟಕ್ಕೂ ಉಂಟು.

ಕೆಲಸದ ದಣಿವು ವ್ಯಾಯಾಮಕ್ಕೆ ಬದಲಿಯಲ್ಲ. ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮವಾಗಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸುವ ಮುಂಚಿನ ಅವಧಿ 208 ದಿನಗಳಷ್ಟಿದ್ದರೆ, ಉಳಿದವರಲ್ಲಿ ಅದು 112 ದಿನಗಳಾಗಿತ್ತು. ಹೆಚ್ಚು ಖರ್ಚಿಲ್ಲದ ಚಿಕಿತ್ಸೆಯೊಂದರಿಂದ ಇಷ್ಟು ದೊರೆಯುವುದು ಸಣ್ಣ ಮಾತಲ್ಲ. ತೋಟದ ಏರುದಾರಿಯ ಬದಲು ಸಮತಟ್ಟಾದ ರಸ್ತೆಯಲ್ಲಿ, ಆನೆಗಳ ಓಡಾಟವಿರುವ ಕಡೆ ಹೊತ್ತು ಚೆನ್ನಾಗಿ ಏರಿದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ನಡೆಯಬೇಕು.

ಮನಸ್ಸಿನ ಕೆಲಸಗಳಿಗೂ ಇದೇ ನಿಯಮ. ನೋಟ್ ಪುಸ್ತಕದಲ್ಲಿ ತಿಳಿತನದ ಅಂಕ ಯಾವ ಹೊತ್ತಿನಲ್ಲಿ ಹೆಚ್ಚಿದೆಯೆಂದು ನೋಡಿ, ಬಟವಾಡೆಯ ಲೆಕ್ಕ, ಬ್ಯಾಂಕಿನ ಕಾಗದ, ಮಹತ್ವದ ಮಾತುಕತೆ ಇವನ್ನು ಆ ಗಂಟೆಗೆ ಮೀಸಲಿಡಬೇಕು. ನೋವು ಉಲ್ಬಣಿಸಿದ ರಾತ್ರಿ ಆಸ್ತಿ, ಸಾಲ, ಸಂಬಂಧಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳಬಾರದು.

ಐದನೆಯ ಹೆಜ್ಜೆ: ನಿದ್ರೆ ಮತ್ತು ಕಾಫಿ

ಮಲಗುವ ಸಮಯಕ್ಕಿಂತ ಏಳುವ ಸಮಯವನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಮುಖ್ಯ; ರಾತ್ರಿ ಹೇಗೇ ಕಳೆದಿದ್ದರೂ ಅದೇ ಗಂಟೆಗೆ ಏಳಬೇಕು. ಹಗಲು ಮಲಗಲೇಬೇಕಾದರೆ ಮಧ್ಯಾಹ್ನ ಮೂರಕ್ಕೆ ಮೊದಲು, ಅರ್ಧ ಗಂಟೆ ಮೀರದಂತೆ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು, ಮತ್ತು ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಸಂಜೆಯ ಬೆಲ್ಲದ ಕಾಫಿಯನ್ನು ಬಿಡುವುದು ನಮ್ಮವರಿಗೆ ಸುಲಭವಲ್ಲವೆಂದು ಬಲ್ಲೆ. ಆದರೂ ನಿದ್ರೆ ಕೆಟ್ಟಿರುವವರು ಮಧ್ಯಾಹ್ನದ ಊಟದ ನಂತರ ಕಾಫಿ ಕುಡಿಯಬಾರದು. ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದರಿಂದ ವಾರಕ್ಕೊಂದು ಲೋಟದಂತೆ ಇಳಿಸಬೇಕು.

ಆರನೆಯ ಹೆಜ್ಜೆ: ಗಮನವನ್ನು ಪಳಗಿಸುವುದು

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್ ಜಿನ್ ಅವರು 1979ರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗಾಗಿ ಧ್ಯಾನಾಧಾರಿತ ತರಬೇತಿ ಆರಂಭಿಸಿದರು. ಅದರ ಈಗಿನ ರೂಪ 8 ವಾರಗಳದು. ಅದರ ಮುಖ್ಯ ಅಭ್ಯಾಸವನ್ನು ಮನೆಯಲ್ಲೂ ಮಾಡಬಹುದು. ಆರಾಮವಾಗಿ ಮಲಗಿ ಅಥವಾ ಕುಳಿತು, ಕಾಲಿನ ಬೆರಳಿನಿಂದ ತಲೆಯವರೆಗೆ ಒಂದೊಂದೇ ಅಂಗದ ಕಡೆಗೆ ಗಮನ ಹರಿಸಬೇಕು. ನೋವಿರುವ ಜಾಗ ಬಂದಾಗ ಅದನ್ನು ಓಡಿಸಲು ಹೋಗದೆ ಉರಿಯೇ, ಸೆಳೆತವೇ, ಒತ್ತಡವೇ ಎಂದು ಗಮನಿಸಿ ಮುಂದಕ್ಕೆ ಸಾಗಬೇಕು. ದಿನಕ್ಕೆ 10 ನಿಮಿಷದಿಂದ ತೊಡಗಬಹುದು. ನೋವಿನ ಅಂಕ ತಕ್ಷಣ ಇಳಿಯದಿದ್ದರೂ ನೋವಿನ ಜೊತೆಗೆ ಅಂಟಿಕೊಂಡು ಬರುವ "ಇನ್ನು ನನ್ನಿಂದ ಏನೂ ಆಗದು" ಎಂಬ ಚಿಂತೆ ಬೇರೆಯಾಗಿ ಕಾಣತೊಡಗುತ್ತದೆ, ಮತ್ತು ಆ ಚಿಂತೆಯನ್ನು ಕಾಗದದ ಮೇಲೆ ಬರೆದು ಅದಕ್ಕೆ ಪುರಾವೆಯೇನು ಎಂದು ಕೇಳಿಕೊಳ್ಳುವುದು ಸಾಧ್ಯವಾಗುತ್ತದೆ.

ಮನಸ್ಸು ತೀರಾ ಕುಸಿದಾಗ ಒಬ್ಬರೇ ಹೊರಬೇಕಾಗಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬದುಕುವುದೇ ಬೇಡವೆಂಬ ಮಾತು ರೋಗಿಯ ಬಾಯಿಂದ ಬಂದರೆ ಮನೆಯವರು ಅದನ್ನು ಲಘುವಾಗಿ ಕಾಣದೆ ಅವರ ಜೊತೆಗಿರಬೇಕು, ತೋಟದ ಕೀಟನಾಶಕ, ಕಳೆನಾಶಕ, ಕೋವಿ ಮತ್ತು ಹೆಚ್ಚುವರಿ ಮಾತ್ರೆಗಳನ್ನು ಬೀಗ ಹಾಕಿ ಕೀಲಿಯನ್ನು ತಾವಿಟ್ಟುಕೊಳ್ಳಬೇಕು, ಅಂದೇ ವೈದ್ಯರನ್ನು ಕಾಣಿಸಬೇಕು.

ಏಳನೆಯ ಹೆಜ್ಜೆ: ಮಳೆಗಾಲಕ್ಕೂ ಉಲ್ಬಣದ ದಿನಗಳಿಗೂ ಸಿದ್ಧತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ವಿದ್ಯುತ್ತು ಹೋಗುತ್ತದೆ, ಮೊಬೈಲ್ ಸಿಗ್ನಲ್ ಹೋಗುತ್ತದೆ, ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ಉಂಟು. 2018ರ ಆಗಸ್ಟಿನ ಪ್ರವಾಹ, ಭೂಕುಸಿತ ಯಾರಿಗೂ ಮರೆತಿಲ್ಲ. ಥಟ್ಟನೆ ನಿಲ್ಲಿಸಬಾರದ ಮಾತ್ರೆ ತೆಗೆದುಕೊಳ್ಳುವವರು ಮೇ ತಿಂಗಳಲ್ಲೇ ವೈದ್ಯರನ್ನು ಕಂಡು, ಎಷ್ಟು ದಿನಕ್ಕೆ ಸಂಗ್ರಹಿಸಬಹುದೆಂದು ಕೇಳಿ ಚೀಟಿ ಬರೆಸಿಕೊಳ್ಳಬೇಕು. ಮಾತ್ರೆಗಳನ್ನು ಹಾಳೆಯಿಂದ ಬಿಡಿಸದೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತೇವ ಹಿಡಿಯುವುದಿಲ್ಲ. ನಡಿಗೆ ನಿಲ್ಲಬಾರದು, ಜಗುಲಿಯಲ್ಲೋ ಒಳಾಂಗಣದಲ್ಲೋ ಅಷ್ಟೇ ನಿಮಿಷ ನಡೆಯಬೇಕು.

ಉಲ್ಬಣದ ದಿನ ಏನು ಮಾಡಬೇಕೆಂಬುದನ್ನು ತಲೆ ತಿಳಿಯಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು: ಅಪಾಯದ ಸೂಚನೆಗಳಿವೆಯೇ ಎಂದು ನೋಡುವುದು, ವೈದ್ಯರು ಹೇಳಿದ ಹೆಚ್ಚುವರಿ ಮಾತ್ರೆ ಯಾವುದು ಮತ್ತು ಎಷ್ಟು, ಕೆಲಸವನ್ನು ಅರ್ಧಕ್ಕಿಳಿಸಿ ಪೂರ್ತಿ ನಿಲ್ಲಿಸದಿರುವುದು, ಬಿಸಿನೀರಿನ ಸ್ನಾನ, ಶಾಖ. ಉಜ್ಜಿದಾಗ, ಶಾಖ ಕೊಟ್ಟಾಗ ನೋವು ತಗ್ಗುವುದೇಕೆಂಬುದಕ್ಕೆ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ವಿವರಣೆ ಕೊಟ್ಟರು. ಸ್ಪರ್ಶದ ಸಂದೇಶಗಳು ಬೆನ್ನುಹುರಿಯಲ್ಲಿ ನೋವಿನ ಸಂದೇಶದ ದಾರಿಯನ್ನು ಭಾಗಶಃ ಮುಚ್ಚಬಲ್ಲವು ಎಂಬುದು ಅದರ ಸಾರ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿದವರು ಮಾತ್ರ ಬಿಸಿನೀರಿನ ಚೀಲವನ್ನು ಕಾಲಿಗೆ ಇಡಬಾರದು; ಸುಟ್ಟರೂ ತಿಳಿಯುವುದಿಲ್ಲ. ತಲೆನೋವಿನವರು ಇನ್ನೊಂದು ಲೆಕ್ಕವಿಡಬೇಕು: ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮಿಶ್ರಣದ ಅಥವಾ ಅಫೀಮು ವರ್ಗದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು ತೆಗೆದುಕೊಳ್ಳುತ್ತ ಹೋದರೆ ಆ ಮಾತ್ರೆಗಳೇ ತಲೆನೋವನ್ನು ಉಳಿಸಿಬಿಡುತ್ತವೆ.

ಎಂಟನೆಯ ಹೆಜ್ಜೆ: ವೈದ್ಯರ ಮುಂದೆ

ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಾಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಮೈಸೂರು ಅಥವಾ ಮಂಗಳೂರಿನ ತಜ್ಞರಾಗಲಿ, ಸಿಗುವ ಹೊತ್ತು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ನೋವು ಹೆಚ್ಚಾಗಿದೆ ಎಂದಷ್ಟೇ ಹೇಳಿದರೆ ಮಾತ್ರೆಯ ಪ್ರಮಾಣ ಏರುವ ಸಂಭವವೇ ಹೆಚ್ಚು. ಅದರ ಬದಲು ನೋಟ್ ಪುಸ್ತಕ ತೆರೆದು, "ನೋವು 7ರಿಂದ 5ಕ್ಕೆ ಇಳಿದಿದೆ, ಆದರೆ ಬೆಳಿಗ್ಗೆ ಹನ್ನೊಂದರವರೆಗೆ ತಲೆ ಮಂಕಾಗಿರುತ್ತದೆ, ಬಟವಾಡೆ ಲೆಕ್ಕ ಮಾಡಲಾಗುತ್ತಿಲ್ಲ" ಎಂದು ಹೇಳಬೇಕು. ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ಫಲ ಕೊಡದಿದ್ದರೆ ಹೇಗೆ ನಿಲ್ಲಿಸುವುದು ಎಂಬ ಮೂರು ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಬೇಕು, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಹಗಲಿನಲ್ಲಿ ರೋಗಿ ತೂಕಡಿಸುವುದು, ಮಾತು ತೊದಲುವುದು ರೋಗಿಗಿಂತ ಮನೆಯವರಿಗೇ ಚೆನ್ನಾಗಿ ಕಾಣುತ್ತದೆ.

ಮೂರು ತಿಂಗಳಿಗೊಮ್ಮೆ ಪಟ್ಟಿಯ ಪ್ರತಿಯೊಂದು ಔಷಧಿಯನ್ನೂ ವೈದ್ಯರೊಂದಿಗೆ ಮರುಪರಿಶೀಲಿಸಬೇಕು. ನೋವಿನ ಅಂಕವನ್ನೂ ಇಳಿಸದೆ, ದಿನದ ಕೆಲಸಕ್ಕೂ ನೆರವಾಗದೆ, ತಿಳಿತನದ ಅಂಕವನ್ನು ಮಾತ್ರ ಇಳಿಸಿರುವ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಲು ಮೊದಲು ಕೇಳಬೇಕು.